ಎಡ ನಳಿಗೆ

ಎಲೆಕ್ಷನ್ ಮುಗಿದು ಹದಿನೇಳನೆಯ ದಿನ
ಠಾಣೆಯ ಕಪಾಟಿನಿಂದ ಬಿಡಿಸಿಕೊಂಡು
ಅಜ್ಜನ ಜೋಡುನಳಿಗೆಯನ್ನು ಗೋಣಿತಾಟಿನಲ್ಲಿ ಸುತ್ತಿ
ಖಾನಾಪುರದ ಬಸ್ಸು ಹತ್ತಿದೆ.
ಲೈಸೆನ್ಸು ಈಗ ನನ್ನ ಹೆಸರಿಗೆ, ಬೆಳೆ ಕಾಯಲು.
ಫೋಟೋದಲ್ಲಿ ನಾನೇ ಹೆದರಿದಂತಿದ್ದೇನೆ.

ಬೆಳಗಾವಿ, ಖಡೇಬಜಾರಿನ ಹಿಂದಿನ ಗಲ್ಲಿ,
ಬಾಬಾಲಾಲ ಶಿಕಲಗಾರ.
ಬಂದೂಕನ್ನು ಮುರಿದು, ಬಲ್ಬಿನತ್ತ ಎತ್ತಿ,
ಎರಡು ನಳಿಗೆಯೊಳಗೂ ಒಂದೇ ಕಣ್ಣಿಟ್ಟು ನೋಡಿದ.
‘ಗುರಿ ಕಣ್ಣಿನ ಕೆಲಸ ತಂಗಿ,
ಹರವು ಕೊರಳಿನ ಕೆಲಸ.
ಬಾಯಿ ಹತ್ರ ನಳಿಗಿ ಎಷ್ಟ ಬಿಗೀತದ, ಅದ ಚೋಕು.
ಜ್ವಾಳದ ರವದಿ ದಪ್ಪ ಇರತದೋ ಇಲ್ಲೋ,
ಅಷ್ಟರಾಗ ಎಲ್ಲಾ ಅದಲಬದಲ.’

ಸಡಲ ಕೊರಳು ಅಂದರೆ ಮಡಿಲಿಂದ ಎರಚಿದ ಸಾಸಿವೆ.
ಬಿಗಿ ಕೊರಳು ಅಂದರೆ ಕೂರಿಗೆಯ ಬಟ್ಟಲಿಂದ
ಸಾಲು ಬಿಡದೆ ಇಳಿದ ಜೋಳ.
ಹತ್ತಿರದ್ದಕ್ಕೆ ಬಿಗಿ ಹಿಡಿದರೆ
ಒಂದೋ ಪೂರಾ ತಪ್ಪು, ಇಲ್ಲವೇ ಪುಕ್ಕವಷ್ಟೇ ಕೈಗೆ.
ದೂರದ್ದಕ್ಕೆ ಸಡಲ ಬಿಟ್ಟರೆ
ಛರ್ರಾಗಳ ನಡುವೆ ಒಂದು ಜೀವ
ಹಾಯ್ದು ಹೋಗುವಷ್ಟು ಸಂದು.
‘ಎದ್ದ ಹಕ್ಕಿ ಮೊದಲ ಹತ್ರ, ಆಮ್ಯಾಗ ದೂರ.
ಅದಕ್ಕ ಮುಂದಿನ ಕುದರಿ ಬಲಕ್ಕ, ಬಲ ಸಡಲ.
ಹಿಂದಿಂದು ಎಡಕ್ಕ. ಇಲ್ನೋಡು, ಎಡದ ಮ್ಯಾಲ ಒಂದ ಚುಕ್ಕಿ.
ಒಂದ ಚುಕ್ಕಿ ಅಂದ್ರ ಪೂರಾ ಬಿಗಿ.’

ಹಿತ್ತಾಳೆಯ ಅಳತೆಗೋಲು ಬಲಕ್ಕೆ ಇಟ್ಟ. ಸರಿ.
ಎಡಕ್ಕೆ ಇಟ್ಟ.
ಎಲ್ಲೂ ತಡೆಯಲಿಲ್ಲ. ಬಾವಿಗೆ ಬಿಟ್ಟ ಕೊಡದಂತೆ ಇಳಿಯಿತು.

ಬಾಯಂಚಿನ ಒಳಗೆ ಉಗುರಾಡಿಸಿದ.
‘ಇದು ನಂದ ಕೈ.’

ಕಾರಹುಣ್ಣಿಮೆ ಮರುದಿನ ಬಂದಿದ್ದನಂತೆ ಅಜ್ಜ.
ಎಡದ್ದರ ಕೊರಳು ಬಿಡಿಸು ಅಂದನಂತೆ.
‘ಗೌಡ್ರ, ಬಿಚ್ಚಾಕ ಬರತದ, ಮತ್ತ ಬಿಗ್ಯಾಕ ಬರೂದಿಲ್ಲ ಅಂದೆ.
ದೂರದ್ದಕ್ಕ ಎರಡ ಛರ್ರಾ ತಾಗಿ ಕುಂಟಕೋತ ಹೋದ್ರ
ಅದೇನ ದಯಾ ಅಲ್ಲ ಅಂದೆ.
ದೂರಕ್ಕ ನಾ ಹೊಡಿಯೂದ ಇಲ್ಲ ಅಂದ.’

ಯಾಕಂತ ಕೇಳಲಿಲ್ಲೇನು ಕಾಕಾ?

‘ಕಬ್ಬಿನಾಗ ಏನೋ ಅಲ್ಲಾಡ್ತು ಅಂದ.
ಅಷ್ಟ.’
ಹತ್ತಿಗೆ ಎಣ್ಣೆ ಅದ್ದಿದ.

ನಮ್ಮೂರಲ್ಲಿ ‘ಗೌಡರ ಗುರಿ’ ಅಂದರೆ ಗಾದೆ.
ಗೋಲಿ ತಪ್ಪಿದರೆ ಗೌಡರ ಗುರಿ,
ಸಂಬಂಧ ತಪ್ಪಿದರೂ ಗೌಡರ ಗುರಿ.
ಹಂದಿಗಳು ಕಬ್ಬು ಮೇದು, ಆತ ಹಾರಿಸಿದ್ದನ್ನು ಕೇಳಿ,
ನಿಧಾನಕ್ಕೆ ಹೊರಡುತ್ತಿದ್ದವು.
ಅಜ್ಜನೂ ನಗುತ್ತಿದ್ದ, ಮೀಸೆಯ ಒಳಗೆ.

ಲೈಸೆನ್ಸಿನ ಚೀಲದ ತಳದಲ್ಲಿ, ಸಕ್ಕರೆ ಕಾರ್ಖಾನೆಯ
ಕ್ಯಾಲೆಂಡರಿನ ಹಾಳೆ ಎರಡು, ನಾಲ್ಕು ಮಡಿಕೆ.
ಹಿಂಬದಿಗೆ ಮೊರದಗಲದ ವೃತ್ತ, ತುಂಬ ತೂತು,
ಪ್ರತಿ ತೂತಿಗೂ ಪೆನ್ಸಿಲಿನ ಗೀಟು.
ನಲವತ್ತು ಗಜ. ಬಲ ೧೩೮. ಎಡ ೧೧೧.
ವೃತ್ತದ ಆಚೆ ಬಿದ್ದವಕ್ಕೂ ಗೀಟು ಹಾಕಿದ್ದಾನೆ,
ಮೊತ್ತ ಮಾತ್ರ ಬರೆದಿಲ್ಲ.

‘ಈಗಿನವಕ್ಕ ತಿರುಪಿನ ಚೋಕು, ಬೇಕಾದ್ದ ಹಾಕು, ತೆಗಿ.
ಇದರ ಗೋಡಿ ತೆಳುವ, ಎಳಿ ಹಾಕಿದ್ರ ಸೀಳಿದ್ರೂ ಸೀಳೀತು.
ಪುಣೆಗೆ ಕಳಿಸಿ ಕೇಳಿ ನೋಡಲ್ಯಾ?’

ಬ್ಯಾಡ. ಎಣ್ಣಿ ಅಷ್ಟ ಹಚ್ಚು.

ಮರುದಿನ ಮುಂಜಾನೆ ಕಟ್ಟೆಯ ಮೇಲೆ ಲಗಮಣ್ಣ,
ಎಂದಿನಂತೆ ಮಡಚಲಾಗದ ಕಾಲನ್ನು ನೀಟ ಚಾಚಿ,
ಹಿತ್ತಾಳೆ ಲೋಟ ಮುಂದಿಟ್ಟುಕೊಂಡು.
ಜ್ವರ ಬಂದ ದಿನವೂ ಅಜ್ಜ
ತನ್ನ ಕೈಯಾರೆ ಹಾಕುತ್ತಿದ್ದ ಹಾಲು.
ಹುಟ್ಟಿನಿಂದಲೇ ಹಾಗೆ ಆ ಕಾಲು ಎಂದುಕೊಂಡಿದ್ದೆ.

‘ಬಂದೂಕ ದುರಸ್ತಿ ಆತೇನವ್ವಾ?’

ಏನೂ ಕೆಟ್ಟಿದ್ದಿಲ್ಲಂತ ಅಂದೆ.
ಚೊಂಬು ಬಗ್ಗಿಸಿದೆ. ಹಾಲು ಲೋಟದ ಆಚೆಗೂ ಬಿತ್ತು.

ಅಂಗೈಯಿಂದ ಕಟ್ಟೆ ಒರೆಸಿ,
ಲೋಟದೊಳಗೇ ನೋಡುತ್ತ ಅಂದ:
‘ಎಡದ್ದು ಮೊದಲ
ಭಾಳ ದೂರ ಹೊಡೀತಿತ್ತು.’